ಮಾವನವರ ಬಾಕಿ

ಆರು ನಿಮಿಷದ ವಿಡಿಯೊ ಮಾಡಲು ಎಷ್ಟು ಹೊತ್ತು ಬೇಕು? ಆರು ನಿಮಿಷ ಅಂದುಕೊಂಡೇ ನಾನು ಕೂತದ್ದು. ಏಳುವಾಗ ನಾಲ್ಕನೇ ದಿನದ ಸಂಜೆಯಾಗಿತ್ತು.

ಶಿವಮೊಗ್ಗ ಕಡೆಯ ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಯಾವ ರೈತರದು ಎಷ್ಟು ಚೀಲ, ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಗೊರಬಲೋ, ತೂಕ ಎಷ್ಟು, ಹಮಾಲಿ ಎಷ್ಟು, ಮುಂಗಡ ಎಷ್ಟು ತಗೊಂಡಿದ್ದಾರೆ, ಇಷ್ಟೇ. ಮಂಡಿಗೆ ಲೆಕ್ಕ ಬರೆಯುವ ಹೊಸ ರೈಟರು ಬಂದಾಗಲೆಲ್ಲ ನನಗೆ ಫೋನ್ ಬರುತ್ತದೆ.

"ಎಡಗಡೆ ಮೇಲೆ ಹಸಿರು ಬಟನ್ ಕಾಣ್ತಿದ್ಯಾ?"

"ಇಲ್ಲ ಸಾರ್."

"ಸರಿ, ಏನು ಕಾಣ್ತಿದೆ?"

"ಏನೂ ಕಾಣ್ತಿಲ್ಲ ಸಾರ್. ಕರೆಂಟಿಲ್ಲ."

ಇಂಥ ಇಪ್ಪತ್ತು ಫೋನ್ ಆದ ಮೇಲೆ, ಒಂದು ಒಳ್ಳೆಯ ಸ್ಕ್ರೀನ್‌ಕಾಸ್ಟ್ ಮಾಡಿ ಎಲ್ಲರಿಗೂ ಕಳಿಸಿಬಿಡೋಣ ಅನ್ನಿಸಿತು. ನಮ್ಮ ಕಂಪ್ಯೂಟರಿನ ಪರದೆಯನ್ನೇ ರೆಕಾರ್ಡ್ ಮಾಡಿ, ಮೇಲೆ ಮಾತು ಸೇರಿಸುವ ವಿಡಿಯೊ. ಈ ಹೆಸರು ಹುಟ್ಟಿದ್ದು 2004ರಲ್ಲಿ. ಅಮೆರಿಕದ ಜಾನ್ ಉಡೆಲ್ ಎಂಬ ಪತ್ರಕರ್ತ ತನ್ನ ಓದುಗರನ್ನೇ ಕೇಳಿ ಇಟ್ಟದ್ದಂತೆ. ನಮ್ಮ ಮಂಡಿಯಲ್ಲಿ ಅದನ್ನು "ಬಾಣ ಓಡಾಡೋ ವಿಡಿಯೊ" ಅಂತಾರೆ. ಅವರನ್ನು ಕೇಳಿದ್ದರೆ ಹೆಸರು ಇನ್ನೂ ಚೆನ್ನಾಗಿರುತ್ತಿತ್ತು.

ಪರದೆ ರೆಕಾರ್ಡ್ ಮಾಡುವ ಓಬಿಎಸ್ ಸ್ಟುಡಿಯೊ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡೆ. ಕಾಸಿಲ್ಲದ್ದು, ಕೆಲಸಕ್ಕೂ ಗಟ್ಟಿ. ಹುರುಪಿನಿಂದ ಹನ್ನೆರಡು ನಿಮಿಷ ಮಾತಾಡಿ, ಹಾಕಿ ನೋಡಿದರೆ ಪರದೆ ಪೂರ್ತಿ ಕಪ್ಪು. ಒಳಗಿಂದ ನನ್ನ ದನಿ ಮಾತ್ರ: "ನೋಡಿ, ಇಲ್ಲಿ ಎಷ್ಟು ಸ್ಪಷ್ಟವಾಗಿ ಕಾಣುತ್ತಿದೆ!" ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇವೆ. ಪರದೆ ತೋರಿಸುವುದು ಒಂದು, ಓಬಿಎಸ್ ಕೂತದ್ದು ಇನ್ನೊಂದರ ಮೇಲೆ. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ. ವಿಂಡೋಸ್ ಸೆಟ್ಟಿಂಗಿಗೆ ಹೋಗಿ ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು.

ಎರಡನೇ ಸಲ ಚಿತ್ರ ಅದ್ಭುತ. ಮೈಕು ಮ್ಯೂಟ್.

ಮೂರನೇ ಸಲ ಕರೆಂಟೇ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷವಾಗಿದೆ. ಆದರೆ ಓಬಿಎಸ್‌ನಲ್ಲಿ ಎಂಕೆವಿ ಅಂತ ಒಂದು ಫಾರ್ಮ್ಯಾಟ್ ಇದೆ. ಅದರಲ್ಲಿ ರೆಕಾರ್ಡ್ ಮಾಡಿದರೆ ನಡುವೆ ಕಂಪ್ಯೂಟರ್ ಆಫ್ ಆದರೂ ಅಲ್ಲಿಯವರೆಗಿನದು ಉಳಿಯುತ್ತದೆ. ಮಾಮೂಲಿ ಎಂಪಿ4 ಆಗಿದ್ದರೆ ಪೂರ್ತಿ ಹೋಗುತ್ತಿತ್ತು. ನನ್ನದು ಉಳಿಯಿತು. ಹಾಕಿ ನೋಡಿದೆ. ಹೋಗಿದ್ದರೇ ಚೆನ್ನಾಗಿತ್ತು. ಒಂಬತ್ತು ನಿಮಿಷದಲ್ಲಿ 31 ಸಲ "ಆಮೇಲೆ" ಅಂದಿದ್ದೆ. ಏನು ಹೇಳಬೇಕು ಅಂತ ಯೋಚಿಸುವಾಗೆಲ್ಲ ಮೌಸಿನ ಬಾಣ ಹೋಳಿಗೆ ಮೇಲಿನ ನೊಣದ ಹಾಗೆ ಸುತ್ತುಹೊಡೆಯುತ್ತಿತ್ತು.

ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ನೆನಪಾದದ್ದು ಆಗ. ಸಾಫ್ಟ್‌ವೇರ್ ಕಲಿಸುವ ಹತ್ತು ನಿಮಿಷದ ಆಸುಪಾಸಿನ ವಿಡಿಯೊಗಳವು, ಕನ್ನಡದಲ್ಲೂ ಇವೆ. ಅವರು ಮೊದಲು ಸ್ಕ್ರಿಪ್ಟ್ ಬರೆದುಕೊಳ್ಳುತ್ತಾರೆ. ಒಂದು ಕಡೆ ಪರದೆಯಲ್ಲಿ ಏನು ಕಾಣಬೇಕು, ಇನ್ನೊಂದು ಕಡೆ ಏನು ಹೇಳಬೇಕು. ನಾನೂ ಬರೆದೆ. ಮೂರು ಪುಟ. "ಆಮೇಲೆ" ಒಂದೂ ಇಲ್ಲ.

ಇನ್ನು ಶಬ್ದದ ಕತೆ. ಆಡಾಸಿಟಿ ಅನ್ನುವ ಶಬ್ದ ತಿದ್ದುವ ಸಾಫ್ಟ್‌ವೇರಿನಲ್ಲಿ ಗದ್ದಲ ತೆಗೆಯಬೇಕಾದರೆ, ಯಾರೂ ಮಾತಾಡದ ನಾಲ್ಕೈದು ಸೆಕೆಂಡ್ ಮೊದಲು ಕೊಡಬೇಕು. ಅದನ್ನು ಕೇಳಿಕೊಂಡು, ಆ ಥರದ ಶಬ್ದವನ್ನು ಉಳಿದ ಕಡೆಯೆಲ್ಲ ಅದು ತಗ್ಗಿಸುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಐದು ಸೆಕೆಂಡ್ ಮೌನ ಎಲ್ಲಿಂದ ತರುವುದು? ಶೀಟಿನ ಮೇಲೆ ಮಳೆ, ಅದು ನಿಂತರೆ ಜೀರುಂಡೆ, ಅದು ನಿಂತರೆ ಪಕ್ಕದ ಮನೆಯ ಮಿಕ್ಸಿ. ಎಲ್ಲವನ್ನೂ ಒಟ್ಟಿಗೆ ತೆಗೆಸಿದೆ. ಜೊತೆಗೆ ನನ್ನ ದನಿಯ ಅರ್ಧವೂ ಹೋಯಿತು. ಉಳಿದದ್ದು ಬಚ್ಚಲಿನ ಹಂಡೆಯೊಳಗೆ ಬಾಯಿಟ್ಟು ಮಾತಾಡಿದ ಹಾಗಿತ್ತು.

ಬಟ್ಟೆ ಶಬ್ದ ಹೀರುತ್ತದೆ ಅಂತ ಗೊತ್ತಿತ್ತು. ಹೆಂಡತಿಯ ಸೀರೆಗಳ ಬೀರು ತೆಗೆದು, ಅದರ ಬಾಗಿಲಿಗೆ ಸ್ಟೂಲ್ ಹಾಕಿ, ತಲೆಯ ಮೇಲೆ ಕಂಬಳಿ ಹೊದ್ದು ಕೂತೆ. ದನಿ ನಿಜಕ್ಕೂ ಸುಧಾರಿಸಿತು. ನುಸಿಗುಳಿಗೆ ವಾಸನೆಗೆ ನಾಲ್ಕು ಸಾಲಿಗೊಂದು ಸೀನು. ಮಗಳು ಶಾಲೆಯಿಂದ ಬಂದವಳು ಬಾಗಿಲಲ್ಲೇ ನಿಂತು, ಬೀರುವಿನ ಜೊತೆ ಮಾತಾಡುತ್ತಿದ್ದ ಅಪ್ಪನನ್ನು ನೋಡಿ, ಸುಮ್ನೆ ಅಜ್ಜಿಗೆ ಫೋನ್ ಮಾಡಲು ಹೋದಳು.

ಅಷ್ಟರಲ್ಲಿ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ತೋರಿಸುವುದಕ್ಕೆ ಅಂತ ನಾನು ತುಂಬಿದ್ದ ಲೆಕ್ಕದಲ್ಲಿ ರೈತರೆಲ್ಲರ ಹೆಸರೂ ಒಂದೇ. ಪ್ರೋಗ್ರಾಮ್ ಬರೆಯುವವರಿಗೆ ಎಡಗೈಯ ನಾಲ್ಕು ಬೆರಳು ಸಾಲಾಗಿ ಒತ್ತುವ ಚಟ ಇರುತ್ತದೆ: ಎ, ಎಸ್, ಡಿ, ಎಫ್. ಕನ್ನಡ ಟೈಪ್ ಮಾಡುವ ನುಡಿ ಕೀಲಿಮಣೆಯಲ್ಲಿ ಅದು "ಅಸದ್" ಅಂತ ಬೀಳುತ್ತದೆ. ಹೀಗೆ ನಮ್ಮ ತಾಲೂಕಿನಲ್ಲಿ 17 ಜನ ಅಸದ್, ಎಲ್ಲರದೂ ಒಂದೇ ಮೊಬೈಲ್ ನಂಬರು, ಹತ್ತು ಒಂಬತ್ತು. ಇದು ಸರಿಯಿಲ್ಲ, ನಿಜವಾದ ಹೆಸರು ಹಾಕೋಣ ಅಂತ ತಲೆಗೆ ಬಂದ ನೆಂಟರ ಹೆಸರೆಲ್ಲ ಹಾಕಿದೆ. ಮೊದಲು ಬಂದದ್ದು ತೀರ್ಥಹಳ್ಳಿ ಕಡೆ ಮೂರೆಕರೆ ತೋಟ ಇಟ್ಟುಕೊಂಡಿರುವ ಮಾವನವರದು. ಮುಂಗಡ ಬಾಕಿ ಅನ್ನುವ ಕಾಲಮ್ಮು ಖಾಲಿ ಇದ್ದರೆ ಚೆನ್ನಾಗಿರಲ್ಲ ಅಲ್ವಾ? 4,80,000 ಅಂತ ಹಾಕಿದೆ.

ಕೊನೆಯ ಟೇಕ್ ನಾಲ್ಕನೇ ದಿನ. ಎಲ್ಲ ಸರಿಯಾಗಿ ನಡೆಯುತ್ತಿತ್ತು. ತೂಕ ಹಾಕುವಾಗ 12 ಚೀಲಕ್ಕೆ 8.16 ಕ್ವಿಂಟಲ್ ಅಂತ ಹೊಡೆಯಬೇಕಾದದ್ದು ಚುಕ್ಕಿ ಬಿಟ್ಟು 816 ಹೊಡೆದೆ. ಕ್ವಿಂಟಲಿಗೆ 45,000ದ ಲೆಕ್ಕದಲ್ಲಿ ಮಾವನವರಿಗೆ 3,67,20,000 ರೂಪಾಯಿ ಪಟ್ಟಿ ಆಯಿತು. ಅಯ್ಯೋ ಅಂದು ತಿದ್ದಿದೆ. ಅದೇ ಹೊತ್ತಿಗೆ ಕೆಳಗಡೆ ಬಲಮೂಲೆಯಲ್ಲಿ, ಆಫೀಸಿಗೆ ಹೋಗಿದ್ದ ಹೆಂಡತಿಯ ಮೆಸೇಜು ಮೂಡಿತು: "ಕುಕ್ಕರ್ ಮೂರು ಕೂಗಿದ ಮೇಲೆ ಆಫ್ ಮಾಡಿ. ಮೊನ್ನೆ ಥರ ತಳ ಹಿಡಿಸಬೇಡಿ." ಕಂಬಳಿಯೊಳಗೆ ತಿದ್ದುವುದರಲ್ಲಿ ಮುಳುಗಿದ್ದವನಿಗೆ ಮೆಸೇಜೂ ಕಾಣಲಿಲ್ಲ, ಕುಕ್ಕರೂ ಕೇಳಲಿಲ್ಲ. ವಿಡಿಯೊಗೆ ಎರಡೂ ಸಿಕ್ಕಿದ್ದವು, ಕುಕ್ಕರ್ ಅಂತೂ ಪೂರ್ತಿ. ಸೀಟಿ ಏಳು. ನನಗೆ ಸಾಕಾಗಿತ್ತು. ಪೂರ್ತಿ ನೋಡದೆ ಮಂಡಿಗಳ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟೆ.

ಮೊದಲ ಫೋನು ಹಳೆಯ ರೈಟರೊಬ್ಬರದು. "ಚೆನ್ನಾಗಿದೆ ಸಾರ್. ಆ ತೂಕ ತಪ್ಪಿ ತಿದ್ದಿದ್ರಲ್ಲ, ಅದನ್ನ ನಮ್ಮ ಹುಡುಗ ಮೂರು ಸಲ ನೋಡ್ದ. ನಮಗೆ ದಿನಾ ಆಗೋದು ಅದೇ." ಸ್ವಲ್ಪ ಹೊತ್ತು ಬಿಟ್ಟು, "ಬೇಳೆ ತಳ ಹಿಡೀತಾ ಸಾರ್?"

ಎರಡನೇ ಫೋನು ತೀರ್ಥಹಳ್ಳಿಯಿಂದ.

"ಏನ್ ಅಳಿಯಂದ್ರೇ, ಆರಾಮಾ?"

"ಆರಾಮು ಮಾವ."

"ನಾನು ಮಂಡಿಯಲ್ಲಿ ನಾಲ್ಕು ಲಕ್ಷ ಎಂಬತ್ತು ಸಾವಿರ ಬಾಕಿ ಇಟ್ಕೊಂಡಿದೀನಂತಲ್ಲ. ಸೊಸೈಟಿ ಕಟ್ಟೆ ಮೇಲೆ ಬೆಳಿಗ್ಗೆಯಿಂದ ನಾಲ್ಕು ಜನ ಸಮಾಧಾನ ಹೇಳಿ ಹೋದ್ರು. ಒಬ್ಬ ಅಂತೂ ತೋಟ ಕೊಡೋದಾದ್ರೆ ಮೊದ್ಲು ನಂಗೆ ಹೇಳಿ ಅಂದ."

ಅದು ಸುಮ್ನೆ ತೋರಿಸಲು ಹಾಕಿದ್ದು ಅಂತ ವಿವರಿಸಿದೆ. ಬೇಕಾದರೆ ಹೆಸರು ತೆಗೆದು ಬೇರೆ ವಿಡಿಯೊ ಹಾಕುತ್ತೇನೆ ಅಂದೆ.

"ಹೆಸರು ತೆಗೆದ್ರೆ, ಓಹೋ ಮುಚ್ಚಿಟ್ರು ಅಂತಾರೆ," ಅಂದರು. "ಹೆಸರು ಇರ್ಲಿ. ಬಾಕಿ ತೀರ್ಸಿ."

ಹಾಗಾಗಿ ಈಗ ನಮ್ಮ ಸಾಫ್ಟ್‌ವೇರಿಗೆ ಎರಡನೇ ವಿಡಿಯೊ ಇದೆ: "ಮುಂಗಡ ಬಾಕಿ ಜಮಾ ಮಾಡುವುದು ಹೇಗೆ." ಎರಡೂವರೆ ನಿಮಿಷ. ಅದರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು 4,80,000 ರೂಪಾಯಿಯನ್ನು ಒಂದೇ ಕಂತಿನಲ್ಲಿ ನಗದಾಗಿ ಕಟ್ಟುತ್ತಾರೆ. ಕೊನೆಯ ಹತ್ತು ಸೆಕೆಂಡ್ ಪರದೆ ತುಂಬ ಬರೀ ಸೊನ್ನೆ ಕಾಣಬೇಕು ಅಂತ ಅವರದೇ ಸೂಚನೆ. ಫೋನಿನಲ್ಲಿ ನೋಡುವವರಿಗೂ ಕಾಣಲಿ ಅಂತ ಶೇಕಡಾ 400ರಷ್ಟು ಜೂಮ್ ಮಾಡಿದ್ದೇನೆ. ಮಂಡಿಯವರಿಗಿಂತ ಜಾಸ್ತಿ ಜನಕ್ಕೆ ಅದನ್ನು ಕಳಿಸಿದ್ದು ಮಾವನವರು.