ಹಾಳೂರಿಗೆ ಉಳಿದವನೇ ಡೀನ್

ಮೊನ್ನೆ ಶನಿವಾರ ರಾತ್ರಿ ನಮ್ಮಕ್ಕನ ಮಗ ವಿಜಯಪುರದ ಬಸ್‌ಸ್ಟ್ಯಾಂಡಿನಿಂದ ನೆಟ್ಟಗೆ ನಮ್ಮ ಮನೆಗೆ ಬಂದ. ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ. ಏನೋ ಸಿಹಿ ತಂದಿದ್ದಾನೆಂದು ನನ್ನ ಹೆಂಡತಿ ಆಸೆಯಿಂದ ಮುಚ್ಚಳ ತೆಗೆದಳು. ಒಳಗೆ ಏಳು ರಬ್ಬರ್ ಸ್ಟ್ಯಾಂಪು, ಒಂದು ಇಂಕ್ ಪ್ಯಾಡು.

"ಅತ್ತಿ, ಅದು ತಿನ್ನೂದಲ್ರೀ. ನನ್ನ ಆಫೀಸು," ಅಂದ.

ಹುಡುಗ ರಾಜ್ಯದ ಹೊಸ ವಿಶ್ವವಿದ್ಯಾಲಯವೊಂದರಲ್ಲಿ ಸಹಾಯಕ ಪ್ರಾಧ್ಯಾಪಕ. ಯಾವುದೆಂದು ಕೇಳಬೇಡಿ, ಅವನ ನೌಕರಿ ನನ್ನ ಅಂಕಣಕ್ಕಿಂತ ದೊಡ್ಡದು. ಕೆಲಸಕ್ಕೆ ಸೇರಿ ಮೂರು ವರ್ಷ. ಸ್ಟ್ಯಾಂಪಿನ ಅಕ್ಷರ ತಿರುಗುಮುರುಗು ಇರುತ್ತವಲ್ಲ, ಹಾಗಾಗಿ ಪೇಪರಿನ ಅಂಚಿನ ಮೇಲೆ ಒಂದೊಂದಾಗಿ ಒತ್ತಿ ಓದಿದೆ. ವಿಭಾಗದ ಮುಖ್ಯಸ್ಥರು, ಪ್ರಭಾರ. ಡೀನ್, ಪ್ರಭಾರ. ಅಧ್ಯಯನ ಮಂಡಳಿಯ ಅಧ್ಯಕ್ಷರು, ಪ್ರಭಾರ. ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿ ಘಟಕದ ನಿರ್ದೇಶಕರು, ಗ್ರಂಥಪಾಲಕರು, ಎನ್ನೆಸ್ಸೆಸ್ಸಿನವರು, ಕುಲಸಚಿವರು ಬೆಂಗಳೂರಿಗೆ ಹೋದಾಗಿನ ಕುಲಸಚಿವರು, ಎಲ್ಲ ಪ್ರಭಾರ. ಸಹಾಯಕ ಪ್ರಾಧ್ಯಾಪಕ ಎಂಬ ಸ್ಟ್ಯಾಂಪು ಮಾತ್ರ ಇರಲಿಲ್ಲ.

"ಅದರ ಕೆಲಸ ಇನ್ನೂ ಬಿದ್ದಿಲ್ಲ ಮಾಮಾ," ಅಂದ.

ನಮ್ಮ ಕಡೆ ಮೊದಲು ವಿಶ್ವವಿದ್ಯಾಲಯ ಹುಟ್ಟಲು ಸಮಯ ಹಿಡಿಯುತ್ತಿತ್ತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂತು. ಅದರ ಬೆಳಗಾವಿಯ ಸ್ನಾತಕೋತ್ತರ ಕೇಂದ್ರ 1982ರದು. ಅದೇ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ಲೆಕ್ಕ ಹಾಕಿ, ಇಪ್ಪತ್ತೆಂಟು ವರ್ಷದ ಬಸುರು. 2022ರ ಹೊತ್ತಿಗೆ ಸರ್ಕಾರಕ್ಕೆ ಅಷ್ಟು ತಾಳ್ಮೆ ಉಳಿದಿರಲಿಲ್ಲ. ಚಾಮರಾಜನಗರ, ಹಾಸನ, ಕೊಡಗು, ಹಾವೇರಿ, ಕೊಪ್ಪಳ, ಬೀದರ್, ಬಾಗಲಕೋಟೆ ಎಂದು ಒಂದೇ ಏಟಿಗೆ ಏಳು ಹಡೆದು ಕೂತಿತು. ಬಾಣಂತನಕ್ಕೆ ತಲಾ 2 ಕೋಟಿ ರೂಪಾಯಿ. ಈಗಿನ ದರದಲ್ಲಿ ಆ ದುಡ್ಡಿಗೆ ಒಂದು ಚೆಂದದ ಕಲ್ಯಾಣಮಂಟಪವೂ ಏಳುವುದಿಲ್ಲ. ಇದ್ದ ಸ್ನಾತಕೋತ್ತರ ಕೇಂದ್ರಗಳಿಗೆ ಬೋರ್ಡು ಬದಲಾಯಿತು. ಅಣ್ಣತಮ್ಮಂದಿರು ಬೇರೆಯಾದಾಗ ಕಿರಿಯನ ಪಾಲಿಗೆ ತೂತು ಕೊಳಗ ಬರುತ್ತದಲ್ಲ, ಹಾಗೆ ತಾಯಿ ವಿಶ್ವವಿದ್ಯಾಲಯದಿಂದ ಕೆಲವು ಬೆಂಚು, ಕೆಲವು ಕಪಾಟು, ಮತ್ತು ನಮ್ಮ ಅಳಿಯನಂಥ ಒಬ್ಬಿಬ್ಬರು ಕಾಯಂ ಮೇಷ್ಟ್ರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆಂದು ನಗುತ್ತಿದ್ದೆವು. ಈಗ ಕೂಸಿಗಿಂತ ಮುಂಚೆ ಕುಲಪತಿ, ಕುಲಸಚಿವ.

ಹಾಳೂರಿಗೆ ಉಳಿದವನೇ ಗೌಡ. ಅಲ್ಲಿ ಕಾಯಂ ಇದ್ದವನು ಇವನೊಬ್ಬ. ಹಾಗಾಗಿ ಗೌಡನೂ ಇವನೇ, ಕುಲಕರ್ಣಿಯೂ ಇವನೇ, ರಾತ್ರಿ ಬೀಗ ಹಾಕಿತೋ ಇಲ್ಲವೋ ನೋಡುವ ವಾಲಿಕಾರನೂ ಇವನೇ.

ನಿಯಮ ಇಲ್ಲವೆಂದಲ್ಲ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಪಿಎಚ್‌ಡಿ ಇದ್ದವನು ನಾಲ್ಕು ವರ್ಷ, ಆಮೇಲೆ ಐದು, ಆಮೇಲೆ ಮೂರು, ಮತ್ತೆ ಮೂರು, ಹೀಗೆ ಹದಿನೈದು ವರ್ಷ ಹತ್ತಿದರೆ ಪ್ರೊಫೆಸರ್. ಪ್ರೊಫೆಸರಾಗಿ ಹತ್ತು ವರ್ಷ ಸವೆಸಿದರೆ ಕುಲಪತಿಯಾಗಲು ಅರ್ಹತೆ. ಒಟ್ಟು ಇಪ್ಪತ್ತೈದು ವರ್ಷದ ಏಣಿ. ನಮ್ಮ ಹುಡುಗನಿಗೆ ಹತ್ತುವ ತಾಪತ್ರಯವನ್ನೇ ಕೊಡಲಿಲ್ಲ, ಏಣಿಯನ್ನು ಎತ್ತಿ ಅವನ ತಲೆಯ ಮೇಲೆ ಇಟ್ಟರು. ಪ್ರಭಾರ ಎಂಬ ಪದದಲ್ಲಿ ಭಾರ ಎದ್ದು ಕಾಣುತ್ತದೆ. 'ಪ್ರ' ಯಾತಕ್ಕೆ ಬಂತೆಂದು ಯಾರಾದರೂ ವ್ಯಾಕರಣ ಬಲ್ಲವರು ಹೇಳಬೇಕು. ಪ್ರಭಾರದ ಭತ್ಯೆಯ ಕಡತವಂತೂ ಅವನದೇ ಟೇಬಲ್ಲಿಗೆ ಟಿಪ್ಪಣಿಗಾಗಿ ಬಂದಿದೆಯಂತೆ, ತನ್ನ ಭತ್ಯೆಗೆ ತಾನೇ ಶಿಫಾರಸು ಬರೆಯಲು ನಾಚಿಕೆಯೆಂದು ಕೆಳಗೆ ಸರಿಸಿದ್ದಾನೆ.

ರಜೆಯ ಕತೆ ಕೇಳಿ. ತಾಯಿಗೆ ಕಣ್ಣಿನ ಆಪರೇಷನ್ ಎಂದು ಎರಡು ದಿನದ ರಜೆಗೆ ಅರ್ಜಿ ಬರೆದ. ಸೂಕ್ತ ಮಾರ್ಗದ ಮೂಲಕ ಹೋಗಬೇಕು. ವಿಭಾಗದ ಮುಖ್ಯಸ್ಥನಾಗಿ 'ಶಿಫಾರಸು ಮಾಡಿದೆ' ಎಂದು ಒತ್ತಿದ. ಡೀನ್ ಆಗಿ 'ಅವಗಾಹನೆಗೆ ಸಲ್ಲಿಸಿದೆ' ಎಂದು ಒತ್ತಿದ. ಆ ದಿನ ಕುಲಸಚಿವರು ಊರಲ್ಲಿರಲಿಲ್ಲ, ಕಡತ ಮೂರನೇ ಸಲ ಇವನ ಮುಂದೆಯೇ ಬಂತು. ಪೂರಾ ಓದಿದ. ಬದಲಿ ವ್ಯವಸ್ಥೆಯ ಕಾಲಂ ಖಾಲಿ ಇತ್ತು.

"ಏನ್ ಮಾಡಿದಿ?"

"ತಿರಸ್ಕರಿಸಿದೆ ಮಾಮಾ. ಅರ್ಜಿ ನಿಯಮದ ಪ್ರಕಾರ ಇರಲಿಲ್ಲ."

ನಮ್ಮ ಗೋಲಗುಂಬಜದ ಗ್ಯಾಲರಿಯಲ್ಲಿ ನಿಂತು ಒಮ್ಮೆ ಕೂಗಿದರೆ ಏಳು ಸಲ ಕೇಳುತ್ತದೆ. ಹೊರಗಿನವರು ಬೆರಗಾಗುತ್ತಾರೆ. ಇವನ ವಿಶ್ವವಿದ್ಯಾಲಯದ ಸಭೆಯೂ ಅಷ್ಟೇ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೆಂದು ಪದವಿಗೆ ನಾಲ್ಕು ವರ್ಷದ ಪಠ್ಯಕ್ರಮ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಹೊಸದನ್ನು ಬರೆಯಬೇಕಲ್ಲ, ಅಧ್ಯಯನ ಮಂಡಳಿಯ ಅಧ್ಯಕ್ಷನಾಗಿ ಇವನೇ ಬರೆದ, ಇವನೇ ಡೀನ್‌ಗೆ ಮಂಡಿಸಿದ. ನಡಾವಳಿಯಲ್ಲಿ ಇರುವ ಸಾಲು ಇದು: 'ಅಧ್ಯಕ್ಷರ ಪರಿಶ್ರಮವನ್ನು ಡೀನ್ ಅವರು ಶ್ಲಾಘಿಸಿದರು. ಡೀನ್ ಅವರ ಮಾರ್ಗದರ್ಶನಕ್ಕೆ ಅಧ್ಯಕ್ಷರು ವಂದಿಸಿದರು.' ಬರೆದ ಗುಮಾಸ್ತನಿಗೂ ನಗು ಬಂದಿರಲಿಲ್ಲವಂತೆ. ಇದೇ ನನಗೆ ಭಯ ಹುಟ್ಟಿಸಿದ ಸಂಗತಿ.

ಇಷ್ಟರ ಮೇಲೆ ಹುಡುಗನಲ್ಲಿ ನಾಯಕತ್ವದ ಗುಣ ಬೆಳೆಯಲಿ ಎಂದು ಎರಡು ದಿನದ ತರಬೇತಿಗೆ ಬೆಳಗಾವಿಯ ಹೋಟೆಲೊಂದಕ್ಕೆ ಕಳಿಸಿದ್ದರು. ಕೋಟು ತೊಟ್ಟ ಬೆಂಗಳೂರಿನ ತರಬೇತಿದಾರರು ಪರದೆಯ ಮೇಲೆ ಹದ್ದು, ಸಿಂಹ ಎಲ್ಲ ತೋರಿಸಿದರು. ಕೊನೆಗೆ ಗುಟ್ಟು ಬಿಚ್ಚಿದರು: ನಾಯಕನಾದವನು ಎಲ್ಲವನ್ನೂ ತಾನೇ ಮಾಡಬಾರದು, ಕೈಕೆಳಗಿನವರಿಗೆ ಹಂಚಬೇಕು. ನಮ್ಮವ ಕೈ ಎತ್ತಿದ.

"ಸರ್, ಕೈಕೆಳಗ ಯಾರೂ ಇಲ್ರಿ."

"ನಿಮ್ಮ ತಂಡ?"

"ಅತಿಥಿ ಉಪನ್ಯಾಸಕರು ಅದಾರ್ರಿ. ಆದ್ರ ಸೆಮಿಸ್ಟರ್ ಮುಗಿದ ಕೂಡ್ಲೆ ಅವರ ಆದೇಶನೂ ಮುಗೀತದ. ಪರೀಕ್ಷಾ ಟೈಮಿನ್ಯಾಗ ತಂಡ ಇರೂದಿಲ್ರಿ."

ತರಬೇತಿದಾರರು ಒಂದು ಕ್ಷಣ ಸಿಂಹದ ಚಿತ್ರ ನೋಡಿದರು, ಆಮೇಲೆ ಚಹಾಕ್ಕೆ ಬಿಟ್ಟರು. ಪ್ರಮಾಣಪತ್ರದ ಜೊತೆ ಅರ್ಧ ಕಿಲೋ ಕುಂದಾ ಕೊಟ್ಟಿದ್ದರು. ತರಬೇತಿಯಿಂದ ಏನು ಪ್ರಯೋಜನವಾಯಿತೆಂದು ಕೇಳಿದರೆ ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪುವ ಉತ್ತರ ಆ ಕುಂದಾ.

ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕಿನವರ ಏಳು ಮಾನದಂಡಗಳಲ್ಲಿ ಆರನೆಯದು ಆಡಳಿತ, ನಾಯಕತ್ವ ಮತ್ತು ನಿರ್ವಹಣೆ. ಬಾಯಿಮಾತಿಗೆ ಬೆಲೆಯಿಲ್ಲ, ಅಕ್ಷಾಂಶ ರೇಖಾಂಶ ಮೂಡಿದ ಜಿಯೋಟ್ಯಾಗ್ ಫೋಟೋ ಬೇಕು. ಹುಡುಗ ಫೋನಿನಲ್ಲಿ ನೂರಾರು ಫೋಟೋ ತೋರಿಸಿದ. ಗಿಡ ನೆಡುವುದು, ದೀಪ ಹಚ್ಚುವುದು, ರಿಬ್ಬನ್ನು ಕತ್ತರಿಸುವುದು. ಒಂದರಲ್ಲೂ ಅವನಿಲ್ಲ. ಎಲ್ಲ ತೆಗೆದವನು ಅವನೇ. ಹೀಗಾಗಿ ಆ ವಿಶ್ವವಿದ್ಯಾಲಯದಲ್ಲಿ ನಾಯಕತ್ವ ಇದೆ ಎಂಬುದಕ್ಕೆ ಈ ಹೊತ್ತಿಗೂ ದಾಖಲೆಯಿಲ್ಲ.

ಅವನು ನಿಜಕ್ಕೂ ಓದಿದ್ದು ಆದಿಲ್‌ಶಾಹಿ ಕಾಲದ ನೀರಿನ ವ್ಯವಸ್ಥೆ. ತೊರವಿ ಬಳಿಯ ಸುರಂಗ ಬಾವಡಿಯಿಂದ ನೆಲದ ಕೆಳಗೆ, ಬರೀ ಇಳಿಜಾರಿನ ಬಲದಿಂದ ಊರಿಗೆ ನೀರು ತಂದ ಬಗೆಯನ್ನು ಅವನು ಹೇಳುತ್ತ ಹೋದರೆ ಊಟ ಆರಿದ್ದು ಗೊತ್ತಾಗುವುದಿಲ್ಲ. ಎರಡು ವರ್ಷದಿಂದ ಒಂದು ಲೇಖನ ಮುಕ್ಕಾಲು ಬರೆದು ನಿಂತಿದೆ. ಭಾನುವಾರ ಬೆಳಿಗ್ಗೆ ಆಸೆಪಟ್ಟು ತಾಜ್ ಬಾವಡಿಗೆ ಕರೆದೊಯ್ದ. ಮೆಟ್ಟಿಲ ಹತ್ತಿರ ನಿಂತು ಬಾಯಿ ತೆರೆಯುವಷ್ಟರಲ್ಲಿ ಫೋನು. ಹಾಸ್ಟೆಲ್ಲಿನ ಮೋಟಾರು ಸುಟ್ಟಿದೆ, ನೀರಿಲ್ಲ, ಯಾರಿಗೆ ಹೇಳಬೇಕು? ನಾನೂರು ವರ್ಷದ ಬಾವಿಯ ಕಟ್ಟೆ ಮೇಲೆ ಕೂತು ನೀರಿನ ಇತಿಹಾಸಕಾರ ಟ್ಯಾಂಕರ್‌ನವನ ಜೊತೆ ಚೌಕಾಸಿ ಮಾಡಿದ. ವಾಪಸ್ ಬರುವಾಗ ಬಾರಾ ಕಮಾನ್ ದಾಟಿದೆವು. ಎರಡನೇ ಅಲಿ ಆದಿಲ್‌ಶಾಹನ ಗೋರಿ. ಕಮಾನು ಎದ್ದವು, ಮೇಲೆ ಗುಮ್ಮಟ ಬರಲೇ ಇಲ್ಲ. ಅದರ ಕಡೆ ನೋಡಿ, "ನಮ್ಮ ಆಡಳಿತ ಭವನ," ಅಂದ.

ಮಧ್ಯಾಹ್ನ ಬಾಗಲಕೋಟೆಯಿಂದ ಹೆಣ್ಣಿನ ಕಡೆಯವರು ಬಂದರು. (ನನಗೆ ಹೆಣ್ಣುಮಕ್ಕಳಿಲ್ಲ. ಅದು ನನ್ನ ಪುಣ್ಯವೋ ಅವನ ಪುಣ್ಯವೋ ತಿಳಿಯದು.) ಹುಡುಗಿಯ ಅಪ್ಪ ಹತ್ತಿ ವ್ಯಾಪಾರಿ, ತೂಕದ ಮನುಷ್ಯ, ಯಾವುದನ್ನೂ ಎರಡು ಸಲ ಕೇಳಿಯೇ ನಂಬುವವರು. ನಮ್ಮಕ್ಕ ಮಗನ ಹುದ್ದೆಗಳನ್ನೆಲ್ಲ ಉಸಿರು ಬಿಡದೆ ಹೇಳಿದಳು. ಅವರು ಅವಲಕ್ಕಿ ತಿನ್ನುತ್ತಲೇ ಕೇಳಿಸಿಕೊಂಡರು.

"ಭಾಳ ಚಲೋ ಆತ್ರಿ. ಮತ್ತ ಹುಡುಗ ಪರ್ಮನೆಂಟ್ ಅದಾನಿಲ್ರಿ?"

"ಹುಡುಗ ಪರ್ಮನೆಂಟ್ರಿ," ಅಂದೆ.

"ಅದಲ್ರೀ. 2025ರ ಫೆಬ್ರುವರಿಯೊಳಗ ಪೇಪರ್‌ನ್ಯಾಗ ಓದಿದ್ದೆ. ಡಿ.ಕೆ. ಶಿವಕುಮಾರ ಅವರ ಉಪಸಮಿತಿ ಒಂಬತ್ತು ವಿಶ್ವವಿದ್ಯಾಲಯ ಮುಚ್ಚರಿ ಅಂತ ಶಿಫಾರಸು ಮಾಡಿತ್ತಲ್ರಿ. ಹುಡುಗ ಇರ್ಲಿ, ವಿಶ್ವವಿದ್ಯಾಲಯ ಪರ್ಮನೆಂಟ್ ಐತೇನ್ರಿ?"

ಅಕ್ಕ ನನ್ನ ಮುಖ ನೋಡಿದಳು. ನಾನು ಅಳಿಯನ ಮುಖ ನೋಡಿದೆ. ಅವನು ಡಬ್ಬಿಯ ಮುಚ್ಚಳ ಒತ್ತಿ ಹಾಕುತ್ತ ಮೆಲ್ಲಗೆ ಹೇಳಿದ:

"ಅದನ್ನ ನೋಡಿ ವರದಿ ಕೊಡ್ರಿ ಅಂತ ನಮ್ಮಲ್ಲಿ ಒಂದು ಕಮಿಟಿ ಮಾಡ್ಯಾರ್ರಿ ಮಾವಾರ. ಸದಸ್ಯ ಕಾರ್ಯದರ್ಶಿ ನಾನೇ ಅದೇನ್ರಿ."