ರೋಬೋಟ್ ಇದೆಯೇ ಎಂಬುದು ನಾಲ್ಕನೆಯ ಪ್ರಶ್ನೆ

ಅಕ್ಕನ ಮಗನಿಗೆ ಶ್ವಾಸಕೋಶದ ಶಸ್ತ್ರಚಿಕಿತ್ಸೆಯಾಗಿ ಮೊನ್ನೆಗೆ ಮೂರು ತಿಂಗಳು ತುಂಬಿತು. ಅಂದಿನಿಂದ ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ ಮಾತು: "ರೋಬೋಟ್‌ನಲ್ಲಿ ಮಾಡಿಸಿದಿರಾ?" ಇಲ್ಲ ಎಂದರೆ ಆ ಕಡೆ ಒಂದು ಗಳಿಗೆ ಮೌನ. ಪಾಪ, ದುಡ್ಡು ಹೊಂದಲಿಲ್ಲವೇನೋ ಎಂಬ ಅನುಮಾನ ಆ ಮೌನದಲ್ಲಿ ಕೇಳಿಸುತ್ತದೆ. ಆದ್ದರಿಂದಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹುಡುಗನಿಗೆ ಏಳು ವರ್ಷ. ಚಳ್ಳಕೆರೆ ಕಡೆಯ ಊರು. ಅವನಿಗೆ ಎರಡು ತುಂಬುವ ಮೊದಲು, ಮನೆಯವರೆಲ್ಲ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಾಗ, ಬೀಜವೊಂದನ್ನು ಬಾಯಿಗೆ ಹಾಕಿಕೊಂಡ. ಅದು ನೆತ್ತಿಗೆ ಹತ್ತಿ ಮುಖವೆಲ್ಲ ಕೆಂಪಾಗುವಂತೆ ಕೆಮ್ಮಿದ. ಬೆನ್ನು ತಟ್ಟಿದರು, ಕೆಮ್ಮು ನಿಂತಿತು, ಎಲ್ಲರೂ ಮರೆತರು. ಬೀಜದ ಚೂರು ಮಾತ್ರ ಬಲ ಶ್ವಾಸಕೋಶದ ಕೆಳಹಾಲೆಗೆ, ಅಂದರೆ ಅದರ ಕೆಳಗಿನ ಭಾಗಕ್ಕೆ, ಗಾಳಿ ಒಯ್ಯುವ ಕೊಳವೆಯಲ್ಲಿ ಕುಳಿತುಬಿಟ್ಟಿತ್ತು. ಕಡಲೆಬೀಜ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅದರ ಎಣ್ಣೆಯಂಶ ಕೊಳವೆಯ ಒಳಪದರವನ್ನು ಕೆರಳಿಸಿ ಊದಿಸುತ್ತದೆ. ಅದರ ಹಿಂದೆ ಕಫ ಕಟ್ಟಿಕೊಂಡು ಸೋಂಕಿನ ಮೇಲೆ ಸೋಂಕು ತಗಲುತ್ತದೆ, ಕೊನೆಗೆ ಕೊಳವೆಯ ಗೋಡೆಯೇ ಸಡಿಲಗೊಂಡು ಹಿಗ್ಗುತ್ತದೆ. ಇದಕ್ಕೆ ಬ್ರಾಂಕಿಯೆಕ್ಟಾಸಿಸ್ ಎಂದು ಹೆಸರು. ಸ್ಟೆತಾಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ಲೆನೆಕ್ 1819ರಲ್ಲೇ ಇದನ್ನು ವಿವರಿಸಿದ್ದರು.

ನಮ್ಮ ಹುಡುಗನಲ್ಲಿ ಅದನ್ನು ಗುರುತಿಸಲು ಐದು ವರ್ಷ ಹಿಡಿಯಿತು. ಅಲರ್ಜಿ ಎಂದರು, ಆಸ್ತಮಾ ಎಂದರು, ಧೂಳಿನ ಊರು ಎಂದರು. ದೊಡ್ಡವನಾದರೆ ಹೋಗುತ್ತದೆ ಎಂದು ನಾನೇ ಅಕ್ಕನಿಗೆ ಎಷ್ಟು ಸಲ ಹೇಳಿದ್ದೇನೋ, ನೆನೆದರೆ ಹೊಟ್ಟೆ ಉರಿಯುತ್ತದೆ. ಮಗುವಿನ ಕಫದ ಕೆಮ್ಮು 4 ವಾರ ದಾಟಿದರೆ ಅದನ್ನು ದೀರ್ಘಕಾಲದ ಕೆಮ್ಮೆಂದು ಪರಿಗಣಿಸಿ ಕಾರಣ ಹುಡುಕಬೇಕು ಎನ್ನುವುದು ಮಕ್ಕಳ ವೈದ್ಯರಿಗೆ ಗೊತ್ತಿರುವ ವಿಷಯ. "ಎಂದಾದರೂ ಏನಾದರೂ ನೆತ್ತಿಗೆ ಹತ್ತಿತ್ತೇ?" ಎಂದು ಒಬ್ಬರು ಕೇಳಿದ್ದರೂ ಸಾಕಿತ್ತು. ಬ್ರಾಂಕೋಸ್ಕೋಪಿಯಲ್ಲಿ, ಅಂದರೆ ಶ್ವಾಸನಾಳದೊಳಗೆ ದರ್ಶಕ ನಳಿಕೆ ಇಳಿಸಿ, ಚೂರನ್ನು ತೆಗೆಯುವ ಹೊತ್ತಿಗೆ ಆ ಹಾಲೆ ಕೆಟ್ಟುಹೋಗಿತ್ತು.

ರೋಬೋಟ್‌ನ ಮಾತಿಗಿಂತ ಮುಂಚೆ ಕೇಳಬೇಕಾದ ಪ್ರಶ್ನೆಗಳು ಮೂರು. ಶ್ವಾಸಕೋಶ ಏಕೆ ಕೆಟ್ಟಿತು ಎಂಬುದೇ ಮೊದಲನೆಯದು. ದಡಾರ, ನಾಯಿಕೆಮ್ಮು, ಕ್ಷಯ, ಜೋರಾದ ನ್ಯುಮೋನಿಯಾ, ರೋಗನಿರೋಧಕ ಶಕ್ತಿಯ ಹುಟ್ಟುದೋಷ, ಹೀಗೆ ಕಾರಣಗಳು ಹಲವು. ಕಾರಣದಿಂದಲೇ ಎರಡನೆಯ ಪ್ರಶ್ನೆಗೆ ಉತ್ತರ ಸಿಗುತ್ತದೆ: ಕೆಟ್ಟ ಹಾಲೆಯನ್ನು ಕತ್ತರಿಸಿ ತೆಗೆಯುವುದರಿಂದ ಉಪಯೋಗವಿದೆಯೇ? ರೋಗ ಒಂದೇ ಹಾಲೆಯಲ್ಲಿದ್ದು, ಔಷಧಿ ಮತ್ತು ಫಿಸಿಯೋಥೆರಪಿಗೆ ಬಗ್ಗದಿದ್ದರೆ ಇದೆ. ಎರಡೂ ಕಡೆ ಹರಡಿದ್ದರೆ ಬಹುಪಾಲು ಇಲ್ಲ, ಯಂತ್ರ ಯಾವುದೇ ಇರಲಿ.

ನಾವು ಮೊದಲು ಹೋದ ಆಸ್ಪತ್ರೆಯಲ್ಲಿ ಈ ಮಾತುಗಳಿಗಿಂತ ಮುಂಚೆ ರೋಬೋಟ್‌ನ ಬಣ್ಣದ ಕರಪತ್ರ ಕೈಗೆ ಬಂತು. ಯಂತ್ರ ತಾನಾಗಿಯೇ ಕೊಯ್ಯುತ್ತದೆ, ತಪ್ಪೇ ಆಗುವುದಿಲ್ಲ ಎಂದು ಅಕ್ಕ ತಿಳಿದುಕೊಂಡಳು. ಅದು ತಾನಾಗಿ ಏನನ್ನೂ ಮಾಡುವುದಿಲ್ಲ. ಸರ್ಜನ್ ಅದೇ ಕೋಣೆಯಲ್ಲಿ, ಸ್ವಲ್ಪ ದೂರದ ಕನ್ಸೋಲಿನಲ್ಲಿ ಕುಳಿತು, ಒಳಗಿನ ದೃಶ್ಯವನ್ನು ಹಿಗ್ಗಿಸಿ ಮೂರು ಆಯಾಮದಲ್ಲಿ ನೋಡುತ್ತಾ ಯಂತ್ರದ ಕೈಗಳನ್ನು ಆಡಿಸುತ್ತಾರೆ. ಆ ಕೈಗಳಿಗೆ ಮಣಿಕಟ್ಟಿನಂತೆ ತಿರುಗುವ ತುದಿಯಿದೆ, ಬೆರಳಿನ ನಡುಕವನ್ನು ಯಂತ್ರ ಸೋಸಿಬಿಡುತ್ತದೆ. ವರ್ಷಗಟ್ಟಲೆ ಸೋಂಕಿದ್ದ ಶ್ವಾಸಕೋಶದಲ್ಲಿ ದುಗ್ಧಗ್ರಂಥಿಗಳು, ಅಂದರೆ ಸೋಂಕಿನೊಡನೆ ಹೋರಾಡುವ ಸಣ್ಣ ಗಂಟುಗಳು, ರಕ್ತನಾಳಕ್ಕೆ ಅಂಟಿಕೊಂಡಿರುತ್ತವೆ. ಅವನ್ನು ಬಿಡಿಸುವುದೇ ಈ ಶಸ್ತ್ರಚಿಕಿತ್ಸೆಯ ಅತ್ಯಂತ ಅಪಾಯದ ಗಳಿಗೆ. ಅಲ್ಲಿ ಇಂಥ ಮಣಿಕಟ್ಟು ನಿಜವಾದ ವರ. ಎದೆಯನ್ನು ಅಗಲವಾಗಿ ತೆರೆದ ಮಕ್ಕಳಲ್ಲಿ ಕೆಲವರಿಗೆ ಬೆಳೆಯುತ್ತಾ ಬೆನ್ನು ಡೊಂಕಾಗುವುದೂ ಉಂಟು, ಆದ್ದರಿಂದ ಸಣ್ಣ ರಂಧ್ರದ ದಾರಿ ಹುಡುಕುವುದು ಸರಿಯೇ. ನಾನು ರೋಬೋಟ್‌ನ ವಿರೋಧಿಯಲ್ಲ.

ಎರಡನೆಯ ಆಸ್ಪತ್ರೆಯ ಸರ್ಜನ್ ಹುಡುಗನ ಪಕ್ಕೆಯನ್ನು ಬೆರಳಿನಿಂದ ಅಳೆದು ನೋಡಿದರು. "ನೋಡಮ್ಮಾ, ಇವನ ತೂಕ ಹದಿನಾರು ಕಿಲೋ. ನಮ್ಮಲ್ಲಿರುವ ರೋಬೋಟ್‌ನ ಉಪಕರಣದ ದಪ್ಪ 8 ಮಿಲಿಮೀಟರ್, ಕತ್ತರಿಸಿ ಪಿನ್ನು ಹೊಡೆದು ಮುಚ್ಚುವ ಅದರ ಸ್ಟೇಪ್ಲರ್‌ಗೆ 12 ಬೇಕು. ಇವನ ಪಕ್ಕೆಲುಬುಗಳ ನಡುವೆ ಅಷ್ಟು ಜಾಗವಿಲ್ಲ, ಒಳಗೆ ಕೈಗಳು ಒಂದಕ್ಕೊಂದು ತಾಗುತ್ತವೆ. ನಾನು 5 ಮಿಲಿಮೀಟರ್ ಉಪಕರಣ ಹಿಡಿದು ಥೊರಾಕೋಸ್ಕೋಪಿ, ಅಂದರೆ ಎದೆಯ ಸಣ್ಣ ರಂಧ್ರಗಳಿಂದ ಕ್ಯಾಮೆರಾ ಇಳಿಸಿ ಶಸ್ತ್ರಚಿಕಿತ್ಸೆ, ಮಾಡುತ್ತೇನೆ. ಅಂಟು ಜಾಸ್ತಿಯಿದ್ದರೆ ಎದೆ ತೆರೆಯುತ್ತೇನೆ. ಅದನ್ನು ಸೋಲೆಂದು ತಿಳಿಯಬೇಡಿ." ಅರಿವಳಿಕೆ ವೈದ್ಯೆಯನ್ನೂ ಕರೆಸಿದರು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಒಂದು ಶ್ವಾಸಕೋಶವನ್ನು ಕುಗ್ಗಿಸಿ ಇನ್ನೊಂದರಿಂದ ಮಾತ್ರ ಉಸಿರಾಡಿಸಬೇಕು. ದೊಡ್ಡವರಿಗೆ ಬಳಸುವ ಜೋಡಿ ಕೊಳವೆ ಇಷ್ಟು ಸಣ್ಣ ಮಕ್ಕಳಿಗೆ ಹಿಡಿಸದ ಕಾರಣ, ಬಲೂನಿನಂಥ ತಡೆಯನ್ನು ಕುಗ್ಗಿಸಬೇಕಾದ ಕಡೆಯ ಶ್ವಾಸನಾಳದೊಳಗೆ ಇಳಿಸುತ್ತಾರಂತೆ. ಅದನ್ನು ಆಕೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಅಕ್ಕ ಆ ಕಾಗದವನ್ನು ಇನ್ನೂ ಇಟ್ಟುಕೊಂಡಿದ್ದಾಳೆ.

ಮೂರನೆಯ ಪ್ರಶ್ನೆ ಈ ಇಬ್ಬರದು: ಕೊಯ್ಯುವವರು ಯಾರು, ಉಸಿರು ಕಾಯುವವರು ಯಾರು, ಇಂಥ ಎಷ್ಟು ಮಕ್ಕಳನ್ನು ಅವರು ಕಂಡಿದ್ದಾರೆ? ಇದಕ್ಕೆ ನೇರ ಉತ್ತರ ಸಿಕ್ಕ ಮೇಲೆ ಯಂತ್ರದ ಮಾತು. ದೊಡ್ಡ ಮಗುವಾಗಿ, ಅನುಭವವುಳ್ಳ ಸರ್ಜನ್ ರೋಬೋಟ್ ಆರಿಸಿಕೊಂಡರೆ ಖಂಡಿತ ಒಪ್ಪಿಕೊಳ್ಳಿ. ಯಂತ್ರ ಕೊಂಡಾಗಿದೆ ಎಂಬ ಕಾರಣಕ್ಕೆ ಮಗುವನ್ನು ಅದಕ್ಕೆ ಹೊಂದಿಸುವುದನ್ನು ಮಾತ್ರ ನಾನು ಒಪ್ಪಲಾರೆ. ಅದರ ಉಪಕರಣಗಳನ್ನು ಇಂತಿಷ್ಟೇ ಸಲ ಬಳಸಿ ಬದಲಿಸಬೇಕು, ಆ ಖರ್ಚು ಹೊಲ ಅಡವಿಟ್ಟು ಬಂದವರ ಬಿಲ್ಲಿಗೇ ಸೇರುತ್ತದೆ.

ಹುಡುಗನ ಎದೆ ತೆರೆಯಬೇಕಾಗಲಿಲ್ಲ. ಮಕ್ಕಳ ಶ್ವಾಸಕೋಶ ಇನ್ನೂ ಬೆಳೆಯುತ್ತಿರುವುದರಿಂದ, ಉಳಿದ ಹಾಲೆಗಳು ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತವೆ ಎಂದಿದ್ದಾರೆ. ಅಕ್ಕ ಬೆಳಿಗ್ಗೆ ಸಂಜೆ ಅವನನ್ನು ಕೂರಿಸಿಕೊಂಡು ಮೂರು ಚೆಂಡಿನ ಉಸಿರಾಟದ ಸಾಧನದಲ್ಲಿ ಅಭ್ಯಾಸ ಮಾಡಿಸುತ್ತಾಳೆ. ಎರಡು ಚೆಂಡು ಮೇಲೇರುತ್ತಿವೆ. ಮೂರನೆಯದು ಅಲುಗಾಡಿ ಮತ್ತೆ ಕೆಳಗೆ ಕೂರುತ್ತದೆ.