ಇರುವೆಗಳು ಮೊದಲೇ ಹೇಳಿದ್ದವು

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕಾದಂಬರಿಯನ್ನು ಮೊನ್ನೆ ಎರಡನೇ ಸಲ ಓದಿದೆ. ಮೊದಲ ಓದಿನಲ್ಲಿ ಇರುವೆಗಳ ಭಾಗ ಬಂದಾಗ ನಕ್ಕಿದ್ದೆ. ಈ ಸಲ ಅದೇ ಪುಟದಲ್ಲಿ ಮೈ ಜುಂ ಎಂದಿತು. (ಕತೆ ಮೊದಲೇ ಗೊತ್ತಾಗುವುದು ಬೇಡ ಅನ್ನುವವರು ಓದಿಕೊಂಡು ಬನ್ನಿ. ಪುಟ್ಟ ಪುಸ್ತಕ, ಕೂತಲ್ಲೇ ಮುಗಿಯುತ್ತದೆ.)

ಕತೆ ಹೇಳುವ ನಿರೂಪಕನ ಮನೆಯವರ ಕೈಯಲ್ಲಿ ಇನ್ನೂ ದುಡ್ಡು ಓಡಾಡದ ಕಾಲ. ಹಳೇ ಮನೆ, ಎಲ್ಲೆಲ್ಲೂ ಇರುವೆ. ತಿಂಡಿಗೆ ಮುತ್ತಿದವುಗಳ ಸುತ್ತ ನೀರಿನ ಗೆರೆ ಎಳೆಯುತ್ತಾರೆ, ದಿಕ್ಕೆಟ್ಟು ಓಡುವುದನ್ನು ನೋಡುತ್ತಾರೆ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡುತ್ತಾರೆ. ಕೆಂಡ ಉರುಳಿಸಿ ಸುಡುವುದೂ ಉಂಟು. ಮೊದಮೊದಲು ಯಾರೂ ಇಲ್ಲದಾಗ ಒಬ್ಬೊಬ್ಬರೇ ಮಾಡುತ್ತಿದ್ದದ್ದು, ಬರಬರುತ್ತ ಎಲ್ಲರ ಎದುರಿಗೇ ನಡೆಯತೊಡಗುತ್ತದೆ.

ಮುಂದೆ ಮನೆಗೆ ಸಿರಿವಂತಿಕೆ ಬರುತ್ತದೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸನ್ನು ಮನೆಯವರು ಬಾಯಿಗೆ ಬಂದಂತೆ ಬೈದು ಅಟ್ಟುತ್ತಾರೆ. ತಪ್ಪು ಅನ್ನುವವಳು ನಿರೂಪಕನ ಹೆಂಡತಿ ಅನಿತಾ ಒಬ್ಬಳೇ. ಕೊನೆಗೆ ಅನಿತಾ ಊರಲ್ಲಿಲ್ಲದಾಗ ಮನೆಮಂದಿಯೆಲ್ಲ ಕೂತು ಕೊಲೆಗಳ ಸುದ್ದಿ ಮಾತಾಡುತ್ತಾರೆ, ಎಷ್ಟು ಸಲೀಸಾಗಿ!

ಕತೆಯಲ್ಲಿ ಮುನ್ಸೂಚನೆ ಅಂದಕೂಡಲೇ ಎಲ್ಲರೂ ರಷ್ಯಾದ ಕತೆಗಾರ ಚೆಕಾಫ್‌ನ ಬಂದೂಕು ತೆಗೆಯುತ್ತಾರೆ: ಮೊದಲಲ್ಲಿ ಗೋಡೆಗೆ ತೂಗುಹಾಕಿದ್ದರೆ ಮುಂದೆ ಅದು ಸಿಡಿಯಲೇಬೇಕು. ಮಾತು ಸರಿ. ಆದರೆ ಬಂದೂಕು ಕಂಡಾಗಲೇ ನಾವು ಹುಷಾರಾಗುತ್ತೇವೆ. ಸಿನಿಮಾದಲ್ಲಿ ಅಪ್ಪನ ಪಾತ್ರ ಒಂದು ಸಲ ಕೆಮ್ಮಿದರೆ ಸಾಕು, ಮುಂದಿನದು ಗೊತ್ತು. ಆ ಕೆಮ್ಮಿಗೆ ಬೇರೆ ಕೆಲಸವೇ ಇರುವುದಿಲ್ಲ. ಇರುವೆಗಳಿಗೆ ಇದೆ. ಓದುವ ಹೊತ್ತಿಗೆ ಅವು ಬಡತನದ ವಿವರ, ಯಾವ ಮನೆಯಲ್ಲಾದರೂ ಇರಬಹುದಾದ ಕಾಟ. ಅಲ್ಲೇ ನಮ್ಮ ಕಣ್ಣು ತಪ್ಪುತ್ತದೆ. ಸುಳಿವು ಎಂದರೆ ಆ ಹೊತ್ತಿಗೆ ಸುಳಿವೆಂದು ಗೊತ್ತಾಗದ್ದು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಹಾಗಾದರೆ ಕತೆ ಮೊದಲೇ ಗೊತ್ತಿರುವ ಕಡೆ? ಗದಾಯುದ್ಧದಲ್ಲಿ ದುರ್ಯೋಧನ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು, ರನ್ನನಿಗೆ ಮುಚ್ಚಿಡಲು ಏನೂ ಇಲ್ಲ. ಅವನು ಬೇರೆ ದಾರಿ ಹಿಡಿಯುತ್ತಾನೆ. ಸಂಜಯನ ಜೊತೆ ದುರ್ಯೋಧನನನ್ನು ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ, ಮಗ ಲಕ್ಷಣಕುಮಾರ, ಭೀಮ ಎದೆ ಬಗೆದ ದುಶ್ಶಾಸನ, ಕರ್ಣ. ಒಬ್ಬೊಬ್ಬರ ಮುಂದೆಯೂ ಅವನು ಗೋಳಾಡುವಾಗ, ಅವನಿಗೂ ಅಲ್ಲೇ ಜಾಗ ಕಾದಿದೆ ಎಂದು ನಮಗೆ ಗೊತ್ತು. ಆಮೇಲೆ ದುರ್ಯೋಧನ ಅಡಗಿಕೊಳ್ಳುವ ವೈಶಂಪಾಯನ ಸರೋವರ, ದಡದಲ್ಲಿ ಭೀಮನ ಅಬ್ಬರ, ‘ನೀರೊಳಗಿರ್ದುಂ ಬೆಮರ್ತನ್ ಉರಗಪತಾಕಂ’. ಹಾವಿನ ಬಾವುಟದ ದುರ್ಯೋಧನ ನೀರಲ್ಲಿ ಮುಳುಗಿದ್ದೂ ಬೆವರಿದ! ಗದೆ ಇನ್ನೂ ತೊಡೆಗೆ ಬಿದ್ದಿಲ್ಲ, ಮೈಗೆ ಆಗಲೇ ಗೊತ್ತಾಗಿಬಿಟ್ಟಿದೆ.

ಶಾನಭಾಗರು ಹಾಗೆ ಗೊತ್ತುಪಡಿಸುವುದೂ ಇಲ್ಲ. ಅನಿತಾಗೆ ಏನಾಯಿತು ಅನ್ನುವುದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ನಿರೂಪಕ ಕಾಫಿ ಹೌಸಿನಲ್ಲಿ ಕೂತಿದ್ದಾನೆ, ಕೈಯಲ್ಲಿದ್ದ ಗ್ಲಾಸು ಒಡೆದು ರಕ್ತ ಬಂದಿದೆ, ಅಷ್ಟೆ. ನಾನು ಪುಟ ಹಿಂದಕ್ಕೆ ಮಗುಚಿ ಮತ್ತೆ ಆ ಒದ್ದೆ ಬಟ್ಟೆಯ ಸಾಲಿಗೆ ಹೋದೆ.